ಪೇಪರ್ ಹೊಡೆಯುವ ಕೈಗೇ ಪೈಪು

ಮಷಿನ್ ಹಚ್ಚಿದರೆ ಧೂಳು, ಕೈಲಿ ಪೇಪರ್ ಹೊಡೆದರೆ (ಅಂದರೆ ಮರಳು ಕಾಗದದಿಂದ ಕಟ್ಟಿಗೆ ತಿಕ್ಕಿ ನುಣುಪು ಮಾಡಿದರೆ) ಏನೂ ಆಗಲ್ಲ ಅನ್ನೋ ನಂಬಿಕೆ ನಮ್ಮ ಬಡಿಗೇರರಲ್ಲಿ ಗಟ್ಟಿಯಾಗಿದೆ. ಬೆಳಗಾವಿಯ ಉದ್ಯಮಬಾಗದ ಶೆಡ್ಡುಗಳಲ್ಲಿ ನಾನು ಕೇಳುತ್ತಾ ಬಂದಿರುವುದು ಇದೇ ಮಾತು. ಗರಗಸದ ಮಷಿನ್‌ಗೆ, ಕಟ್ಟಿಗೆ ಹೆರೆಯುವ ರಂಧಾ ಮಷಿನ್‌ಗೆ ಹೊಟ್ಟಿನ ಚೀಲ ಕಟ್ಟಿರುತ್ತಾರೆ. ಮೂಲೆಯಲ್ಲಿ ಕೂತು ಬಾಗಿಲಿನ ಪಟ್ಟಿಗೆ ಪೇಪರ್ ಹೊಡೆಯುವವನಿಗೆ ಬಹಳವಾದರೆ ಒಂದು ಕರ್ಚೀಫು. ಇಡೀ ಶೆಡ್ಡಿನಲ್ಲಿ ಕಟ್ಟಿಗೆಗೆ ಎಲ್ಲರಿಗಿಂತ ಹತ್ತಿರ ಇರುವುದು ಅವನ ಮೂಗೇ ಅಲ್ವಾ?

ಮಷಿನ್ ಎಬ್ಬಿಸುವಷ್ಟು ರಾಶಿ ಧೂಳು ಕೈಯಿಂದ ಏಳುವುದಿಲ್ಲ, ನಿಜ. ಆದರೆ ಗರಗಸದ ಹೊಟ್ಟು ದಪ್ಪ, ಹೆಚ್ಚಿನದು ಕಾಲ ಬುಡಕ್ಕೇ ಬೀಳುತ್ತದೆ. 180, 220 ನಂಬರಿನ ನುಣುಪು ಪೇಪರ್ ಬಿಡಿಸುವ ಹುಡಿಯ ಜಾತಿಯೇ ಬೇರೆ. ಗಾಳಿ ಆಡದ ಕೋಣೆಯಲ್ಲಿ 10 ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ಕಣ ಒಂದು ಮೀಟರ್ ಕೆಳಗಿಳಿಯಲು ಐದಾರು ನಿಮಿಷ ಬೇಕು. 1 ಮೈಕ್ರಾನಿನ ಕಣಕ್ಕೆ ಹತ್ತಿರ ಹತ್ತಿರ ಎಂಟು ಗಂಟೆ. ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ಹಾಗಾಗಿ ಈ ಹುಡಿ ಕಣ್ಣಿಗೆ ಬೀಳುವುದೇ ಇಲ್ಲ. ಬೆಳಿಗ್ಗೆ ಹೊಡೆದ ಪೇಪರಿನ ಹುಡಿಯನ್ನು ಸಂಜೆ ಬಾಗಿಲು ಹಾಕುವ ಹೊತ್ತಿಗೂ ಉಸಿರಾಡುತ್ತಿರುತ್ತೇವೆ.

ನಮ್ಮೂರಲ್ಲಿ ಜೂನ್ ಬಂತೆಂದರೆ ಇದು ಇನ್ನೂ ಜಾಸ್ತಿ. ಪಶ್ಚಿಮದಿಂದ ಗಾಳಿ, ಜಡಿ ಮಳೆ. ಇರಚಲು ಬಡಿದು ಕಟ್ಟಿಗೆ ತೋಯಬಾರದೆಂದು ಕಿಟಕಿ, ಶಟರ್ ಎಲ್ಲ ಮುಚ್ಚುತ್ತೇವೆ. ಗಣಪತಿ ಹಬ್ಬದೊಳಗೆ ಮುಗಿಸಿ ಕೊಡಬೇಕಾದ ಕೆಲಸವೂ ಆಗಲೇ ಬರುತ್ತದೆ. ಮುಚ್ಚಿದ ಶೆಡ್ಡು, ನಾಲ್ಕು ಜನ, ಇಡೀ ದಿನ ಸಾಗವಾನಿ ತಿಕ್ಕುವ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕಟ್ಟಿಗೆ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿದೆ. ಬೀಡಿ ಸಿಗರೇಟಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಇಂಗ್ಲೆಂಡಿನಲ್ಲಿ ಹೈ ವಿಕಂಬ್ ಅಂತ ಕುರ್ಚಿ, ಪೀಠೋಪಕರಣಕ್ಕೆ ಹೆಸರಾದ ಊರಿದೆ. ಅಲ್ಲಿನ ಬಡಿಗರಲ್ಲಿ ಮೂಗಿನೊಳಗಿನ ಒಂದು ಅಪರೂಪದ ಕ್ಯಾನ್ಸರ್ ಮತ್ತೆ ಮತ್ತೆ ಕಾಣುತ್ತಿದೆ ಅಂತ 1960ರ ದಶಕದಲ್ಲಿ ವೈದ್ಯರು ಗುರುತಿಸಿದರು. ಈಗ ಆ ದೇಶದಲ್ಲಿ ಸಾಗವಾನಿಯಂಥ ಗಟ್ಟಿ ಮರದ ಧೂಳು ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 3 ಮಿಲಿಗ್ರಾಂ ದಾಟುವಂತಿಲ್ಲ. ಮೂರು ಮಿಲಿಗ್ರಾಂ ಅಂದರೆ ಉಗುರಿನ ತುದಿಯ ಮೇಲೆ ನಿಲ್ಲುವಷ್ಟು.

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಶೆಡ್ಡಿನ ಹುಡುಗನಿಗೆ ಸಾಗವಾನಿ ತಿಕ್ಕಿದ ಮರುದಿನ ಮುಂಗೈ ಮೇಲೆ ಕೆಂಪು ಗಂಧೆ ಏಳುತ್ತಿತ್ತು. ಸಾಗವಾನಿಯಲ್ಲಿ ಇರುವ ಕೆಲವು ರಾಸಾಯನಿಕಗಳಿಗೆ ಚರ್ಮ ಹೀಗೆ ಒಗ್ಗದೆ ಹೋಗುವುದುಂಟು. ಬೀಟೆ ಮರಕ್ಕೂ ಈ ಗುಣ ಇದೆ. ನಮ್ಮ ಕಾಕಾನಿಗೆ ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮು, ಸೀನು. ಮಾಸ್ಕ್ ಹಾಕೋ ಅಂದರೆ ಉಸಿರು ಕಟ್ಟುತ್ತದೆ ಅಂತ ಗದ್ದಕ್ಕೆ ಇಳಿಸುತ್ತಿದ್ದ. "ತಮ್ಮಾ, ನಾ ಸಣ್ಣಾಂವ ಇದ್ದಾಗಿಂದ ಹಿಂಗ ತಿಕ್ಕೇನಿ, ಈಗೇನ ಹೊಸಾದು?" ಅನ್ನುತ್ತಿದ್ದ. ಅವನ ಕೆಮ್ಮು ಕೇಳುತ್ತಾ ಸುಮ್ನೆ ಇರುವುದು ನನ್ನಿಂದ ಆಗಲಿಲ್ಲ.

ಹಾಗಾಗಿ ಪೇಪರ್ ಹೊಡೆಯುವ ಕೈಗೇ ವ್ಯಾಕ್ಯೂಮ್ ಪೈಪು ಕೊಟ್ಟೆ. ಧೂಳು ಹೀರುವ ಹ್ಯಾಂಡ್ ಬ್ಲಾಕ್, ಅಂದರೆ ತಳಕ್ಕೆ ಪೇಪರ್ ಹಚ್ಚಿ ಕೈಲಿ ಹಿಡಿದು ತಿಕ್ಕುವ ತುಂಡು, ರೆಡಿಮೇಡ್ ಸಿಗುತ್ತದೆ. ನಾನು ಒಂದನ್ನು ತರಿಸಿದೆ, ಉಳಿದವರಿಗೆ ನಾವೇ ಮಾಡಿಕೊಂಡೆವು. ಹೇಗೆ ಮಾಡಿದೆವೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಯಾವ ಬಡಿಗನಿಗೂ ಇದು ಅರ್ಧ ದಿನದ ಕೆಲಸ.

70 ಮಿ.ಮೀ. ಅಗಲ, 125 ಮಿ.ಮೀ. ಉದ್ದದ ಬೇವಿನ ತುಂಡು ತಗೊಂಡು ಒಳಗಡೆ ಉಳಿಯಿಂದ ಟೊಳ್ಳು ಮಾಡಿ. ಗೋಡೆ 10 ಮಿ.ಮೀ. ಉಳಿಯಲಿ, ನಡುವೆ ಒಂದು ಅಡ್ಡಪಟ್ಟಿ ಬಿಡಿ. ಇಲ್ಲದಿದ್ದರೆ ಒತ್ತಿದಾಗ ತಳ ಬಾಗುತ್ತದೆ, ತಳ ಬಾಗಿದರೆ ಕಟ್ಟಿಗೆ ಮೇಲೆ ತಗ್ಗು ಬೀಳುತ್ತದೆ. ತಳಕ್ಕೆ 6 ಮಿ.ಮೀ. ಪ್ಲೈವುಡ್ ಹಾಕಿ, ಸಾಲು ಸಾಲಾಗಿ ತೂತು ಕೊರೆಯಿರಿ. ಹಿಂದುಗಡೆ ಪೈಪು ಬಿಗಿಯಾಗಿ ಕೂರುವ ತೂತು. ತಳಕ್ಕೆ ಅಂಟಿನ ವೆಲ್ಕ್ರೋ, ಕೊಕ್ಕೆ ಇರುವ ಭಾಗ. ಅಂಟಿಸಿದ ಮೇಲೆ ಪ್ಲೈವುಡ್ಡಿನ ತೂತುಗಳ ಜಾಗದಲ್ಲಿ ವೆಲ್ಕ್ರೋವನ್ನೂ ಕಾಯಿಸಿದ ಮೊಳೆಯಿಂದ ಸುಟ್ಟು ತೆರೆಯಬೇಕು. ಚಾಕುವಿನಿಂದ ಕತ್ತರಿಸಿದರೆ ಅಂಚು ಎಳೆ ಎಳೆಯಾಗಿ ಬಿಚ್ಚಿಕೊಂಡು ತೂತನ್ನೇ ಮುಚ್ಚುತ್ತದೆ.

ಇದಕ್ಕೆ ಹಾಕಬೇಕಾದದ್ದು ಜಾಳಿಗೆ ಪೇಪರ್. ಬಲೆಯಂತೆ ಹೆಣೆದ ಬಟ್ಟೆಯ ಮೇಲೆ ಕಟ್ಟಿಗೆ ಕಡಿಯುವ ಹರಳು ಕೂರಿಸಿರುತ್ತಾರೆ, ಹಾಗಾಗಿ ಪೇಪರಿನ ತುಂಬಾ ಸಣ್ಣ ತೂತು. ಫಿನ್‌ಲ್ಯಾಂಡಿನ ಮಿರ್ಕಾ ಕಂಪನಿಯ ಅಬ್ರಾನೆಟ್ ಈ ಬಗೆಯದು. ಬೇರೆಯವರದೂ ಸಿಗುತ್ತದೆ. ಸಾದಾ ಪೇಪರಿಗಿಂತ ಬೆಲೆ ಜಾಸ್ತಿ, ಆದರೆ ಬಾಳಿಕೆ ನೋಡಿದರೆ ನನಗೆ ನಷ್ಟ ಕಂಡಿಲ್ಲ.

ಕಾಕಾ ಒಪ್ಪಿದ್ದೂ ಇದನ್ನು ನೋಡಿಯೇ. ಸಾಗವಾನಿಯಲ್ಲಿ ಎಣ್ಣೆ ಅಂಶ ಇರುತ್ತದೆ. ಸಾದಾ ಪೇಪರಿನಲ್ಲಿ ಆ ಜಿಡ್ಡಿನ ಹುಡಿ ಹರಳುಗಳ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ. ಹತ್ತಿಪ್ಪತ್ತು ಸಲ ಎಳೆಯುವುದರೊಳಗೆ ಪೇಪರಿನ ಮೇಲೆ ಹೊಳೆಯುವ ಕಂದು ಗಂಟು. ಆಮೇಲೆ ಅದು ಕಡಿಯುವುದಿಲ್ಲ, ಸುಮ್ನೆ ಜಾರುತ್ತದೆ. ಆ ಗಂಟೇ ಕಟ್ಟಿಗೆ ಮೇಲೆ ಗೆರೆ ಎಳೆಯುತ್ತದೆ. ಹುಡಿ ಹುಟ್ಟಿದ ಕೂಡಲೇ ಪೈಪಿನೊಳಗೆ ಹೋದರೆ ಹರಳಿಗೂ ಕಟ್ಟಿಗೆಗೂ ನಡುವೆ ಏನೂ ಉಳಿಯಲ್ಲ. ಕಾಕಾ ಒಂದು ಪಟ್ಟಿ ಪೂರ್ತಿ ಮುಗಿಸಿ, ಬ್ಲಾಕ್ ತಿರುಗಿಸಿ, ಪೇಪರಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದ. "ಇದು ಇನ್ನೂ ಕಡ್ಯಾಕತ್ತೈತಿ ನೋಡಪಾ" ಅಂದ. ಆಮೇಲೆ ಬ್ಯಾಟರಿ ಹಿಡಿದು, ಬೆಳಕನ್ನು ಪಟ್ಟಿಗೆ ಅಡ್ಡವಾಗಿ ಬಿಟ್ಟು, ಮೊದಲು ಹೊಡೆದ 120 ನಂಬರಿನ ಒರಟು ಪೇಪರಿನ ಗೆರೆ ಎಲ್ಲಾದರೂ ಉಳಿದಿದೆಯಾ ಅಂತ ಹುಡುಕಿದ. ಧೂಳಿನ ಪರದೆ ಇಲ್ಲದ್ದರಿಂದ ಎಲ್ಲ ಸ್ವಚ್ಛವಾಗಿ ಕಾಣುತ್ತಿತ್ತು. ಈಗ ಆ ಬ್ಲಾಕ್ ಅವನದೇ, ಬೇರೆಯವರು ಮುಟ್ಟುವಂತಿಲ್ಲ.

ಹೀರುವ ಶಕ್ತಿ ಜಾಸ್ತಿಯಾದರೆ ಬ್ಲಾಕ್ ಕಟ್ಟಿಗೆಗೆ ಕಚ್ಚಿಕೊಳ್ಳುತ್ತದೆ, ಎಳೆಯಲು ಭುಜ ನೋಯುತ್ತದೆ. ಪೈಪಿನ ಕುತ್ತಿಗೆಯಲ್ಲಿ ಒಂದು ಸಣ್ಣ ಗಾಳಿತೂತು ಇಟ್ಟು, ಟೇಪಿನಿಂದ ಬೇಕಾದಷ್ಟು ಮುಚ್ಚಿಕೊಳ್ಳಿ. ವ್ಯಾಕ್ಯೂಮ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಬರೀ ಬಟ್ಟೆ ಚೀಲದ ಮನೆಬಳಕೆಯ ವ್ಯಾಕ್ಯೂಮ್ ದಪ್ಪ ಹೊಟ್ಟು ಹಿಡಿದುಕೊಂಡು ಸಣ್ಣ ಹುಡಿಯನ್ನು ಹಿಂದಿನಿಂದ ಶೆಡ್ಡಿಗೇ ಊದುತ್ತದೆ, ಅಂದರೆ ಮಾಡಿದ್ದೆಲ್ಲ ದಂಡ. ಹೆಪಾ ಫಿಲ್ಟರ್ ಇರಲೇಬೇಕು. ಅದು 0.3 ಮೈಕ್ರಾನಿನ ಕಣಗಳಲ್ಲೂ ನೂರಕ್ಕೆ 99.97ರಷ್ಟನ್ನು ಹಿಡಿಯುತ್ತದೆ. ಫಿಲ್ಟರ್ ಬೇಗ ಕಟ್ಟಬಾರದೆಂದರೆ ನಡುವೆ ಸೈಕ್ಲೋನ್ ಹಾಕಿ. ಗಾಳಿ ಅದರೊಳಗೆ ಗಿರಗಿರ ಸುತ್ತುವಾಗ ಧೂಳು ಗೋಡೆಗೆ ಬಡಿದು ಕೆಳಗಿನ ಡಬ್ಬಿಗೆ ಬೀಳುತ್ತದೆ. ಡಬ್ಬಿ ಗಟ್ಟಿಯಾಗಿರಲಿ. ತೆಳು ಬಕೆಟ್ ಆದರೆ ಪೈಪಿನ ಬಾಯಿ ಮುಚ್ಚಿದ ಕೂಡಲೇ ಒಳಗೆ ಸೆಳೆದುಕೊಂಡು ಚಪ್ಪಟೆಯಾಗುತ್ತದೆ.

ವ್ಯಾಕ್ಯೂಮಿನ ಸದ್ದು ಇದೆ. ಕೈಲಿ ಪೇಪರ್ ಹೊಡೆಯುವಾಗಿನ ಸರ್ ಸರ್ ಸಪ್ಪಳ ಕೇಳಿಯೇ ಪೇಪರ್ ಸತ್ತಿದೆಯೋ ಬದುಕಿದೆಯೋ ಹೇಳುವವರು ನಾವು. ಆ ಸಪ್ಪಳ ಹೋಯಿತು ಅನ್ನೋ ಬೇಸರ ನನಗೂ ಇದೆ. ಕಿವಿಗೆ ಬೂಚು ಹಾಕಿಕೊಂಡು, ಬೆರಳನ್ನು ನಂಬುವುದು ರೂಢಿಯಾಗಿದೆ.

ಹಳೆ ಬಾಗಿಲಿನ ಮಾತು ಬೇರೆಯೇ. ನಮ್ಮೂರಿನ ಶಹಾಪುರದ ಹಳೆ ವಾಡೆಗಳ, ಕ್ಯಾಂಪಿನ ಹಳೆ ಬಂಗಲೆಗಳ ಬಾಗಿಲು ನಮ್ಮಂಥವರ ಹತ್ತಿರ ಬರುತ್ತವೆ. ಒಳಗೆ ಚಿನ್ನದಂಥ ಸಾಗವಾನಿ, ಮೇಲೆ ಪದರ ಪದರ ಬಣ್ಣ. ನಮ್ಮ ದೇಶದಲ್ಲಿ ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇದೆಯೆಂದೇ ತಿಳಿದು ಕೆಲಸ ಮಾಡಿ. ಪೈಪು ಇದ್ದರೂ ಒಣ ಪೇಪರ್ ಬೇಡವೇ ಬೇಡ. ಬಣ್ಣ ಬಿಡಿಸುವ ದ್ರಾವಣ ಹಚ್ಚಿ, ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ಒದ್ದೆಯಾಗಿಯೇ ಕೆರೆದು ತೆಗೆಯಿರಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಇನ್ನು ಸಂಜೆ ಕಸಬರಿಗೆಯಿಂದ ಒಣ ಕಸ ಗುಡಿಸುವುದು, ಕಂಪ್ರೆಸರ್ ಪೈಪಿನಿಂದ ಮೈಮೇಲಿನ ಹುಡಿ ಊದಿಕೊಳ್ಳುವುದು, ಎರಡನ್ನೂ ನಮ್ಮಲ್ಲಿ ಬಂದ್ ಮಾಡಿದ್ದೇವೆ. ಅದಕ್ಕೂ ವ್ಯಾಕ್ಯೂಮ್ ಪೈಪೇ. ಇದರಿಂದ ಪಾಲಿಶ್ ಕೆಲಸಕ್ಕೂ ಲಾಭವಾಗಿದೆ. ಮೆಲಮೈನ್ ಪಾಲಿಶ್ ಹೊಡೆದ ಮೇಲೆ ಕೈಗೆ ತಾಗುತ್ತಿದ್ದ ಧೂಳಿನ ಸಣ್ಣ ಸಣ್ಣ ಹರಳು ಈಗ ಬಹಳ ಕಡಿಮೆ.

ಕೆತ್ತನೆ ಕೆಲಸ ಮಾತ್ರ ಇನ್ನೂ ಬಾಕಿ. ಬಾಗಿಲ ಮೇಲಿನ ಗಣಪತಿ, ಬಳ್ಳಿ, ಹೂವಿನ ಸಂದಿಗೆ ಯಾವ ಬ್ಲಾಕೂ ಹೋಗಲ್ಲ, ಅಲ್ಲಿ ಬೆರಳಿಗೆ ಪೇಪರ್ ಸುತ್ತಿಕೊಂಡೇ ತಿಕ್ಕಬೇಕು. ಪೈಪನ್ನು ಹತ್ತಿರ ಹಿಡಿದರಾಯ್ತು ಅಂತ ಕೆಲವರು ಹೇಳುತ್ತಾರೆ. ಆದರೆ ಪೈಪಿನ ಬಾಯಿ ಎಷ್ಟು ಅಗಲವೋ ಅಷ್ಟು ದೂರ ಹೋಗುವುದರೊಳಗೆ ಗಾಳಿಯ ವೇಗ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿದಿರುತ್ತದೆ. 35 ಮಿ.ಮೀ. ಪೈಪನ್ನು ಒಂದು ಗೇಣು ದೂರ ಇಟ್ಟರೆ ಇಟ್ಟಂತೆಯೇ ಅಲ್ಲ. ಅದಕ್ಕೇ ತಳದಿಂದ ಗಾಳಿ ಎಳೆಯುವ ಒಂದು ಪೆಟ್ಟಿಗೆ ಮೇಜು ಮಾಡುತ್ತಿದ್ದೇವೆ. ಮೇಲೆ ತೂತಿನ ಹಲಗೆ, ಮೂರು ಕಡೆ ಗೋಡೆ, ಕೆಳಗೆ ದೊಡ್ಡ ಫ್ಯಾನು, ಅದರ ಮುಂದೆ ಫಿಲ್ಟರು. ಅದು ಮುಗಿಯುವ ತನಕ ಕೆತ್ತನೆಗೆ ಪೇಪರ್ ಹೊಡೆಯುವುದು ಶಟರ್ ಹೊರಗೆ, ಮಳೆ ಬಿಟ್ಟಾಗ, ಎನ್95 ಮಾಸ್ಕ್ ಹಾಕಿಕೊಂಡು. ಕಾಕಾನೂ ಹಾಕುತ್ತಾನೆ, ಮೂಗಿನ ಮೇಲೆಯೇ.