ಪ್ಲೇಟಿನ ಕೊನೆಗೆ ಬಂದಾಗ ದನಿ ಯಾಕೆ ಒಡೆಯುತ್ತೆ?

ನಮ್ಮ ಮನೆಯಲ್ಲಿ ಹಾಡಿನ ಗ್ರಾಮಫೋನ್ ಪ್ಲೇಟು ಹಾಕುವ ಟರ್ನ್‌ಟೇಬಲ್ ಇದೆ ಅಂತ ಗೊತ್ತಾದವರು ಇವತ್ತಲ್ಲ ನಾಳೆ ಇದನ್ನು ಕೇಳಿಯೇ ಕೇಳುತ್ತಾರೆ. ‘ಶುರುವಿನಲ್ಲಿ ಎಷ್ಟು ಚೆನ್ನಾಗಿರುತ್ತೆ, ಕೊನೆಕೊನೆಗೆ ಗರಗರ ಅನ್ನುತ್ತೆ. ಪ್ಲೇಟು ಸವೆದು ಹೋಯ್ತಾ?’ ಫೋನಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತಾಗಲೂ ಕೇಳುತ್ತಾರೆ. ಇಲ್ಲಿ ಸಾವಧಾನವಾಗಿ ಉತ್ತರ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಪ್ಲೇಟನ್ನು ಬೈಯುವ ಮೊದಲು ಕಾರ್ಟ್ರಿಡ್ಜ್ ಹೇಗೆ ಕೂತಿದೆ ನೋಡಿ. ಕಾರ್ಟ್ರಿಡ್ಜ್ ಅಂದರೆ ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದುಕೊಂಡಿರುವ ಸಣ್ಣ ಡಬ್ಬಿ. ಅದು ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಪ್ಲೇಟಿನ ಹೊರಗಡೆ ಅಷ್ಟಾಗಿ ಗೊತ್ತಾಗುವುದಿಲ್ಲ. ಒಳಗಡೆ ಬಂದಾಗ ತಪ್ಪು ಬಾಯಿ ಬಿಡುತ್ತದೆ.

ಯಾಕೆ ಒಳಗಡೆ? ಎಲ್‌ಪಿ, ಅಂದರೆ ಹನ್ನೆರಡು ಇಂಚಿನ ದೊಡ್ಡ ಪ್ಲೇಟು, ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಂಚಿನಲ್ಲೂ ಅಷ್ಟೇ, ಲೇಬಲ್ ಹತ್ತಿರವೂ ಅಷ್ಟೇ. ಆದರೆ ಅಂಚಿನ ಸುತ್ತು ದೊಡ್ಡದು, ಒಳಗಿನದು ಸಣ್ಣದು. ಹೊರಗಡೆ ಒಂದು ಸೆಕೆಂಡಿನ ಸಂಗೀತಕ್ಕೆ ಮುಳ್ಳು ಓಡುವ ಗೆರೆ ಸುಮಾರು 51 ಸೆಂಟಿಮೀಟರ್ ಸಿಗುತ್ತದೆ. ಕೊನೆಯಲ್ಲಿ ಅದೇ ಒಂದು ಸೆಕೆಂಡು ಸುಮಾರು 21 ಸೆಂಟಿಮೀಟರಿನಲ್ಲಿ ತುರುಕಿಕೊಂಡು ಕೂರಬೇಕು. ಅಲ್ಲಿ 10 ಕಿಲೋಹರ್ಟ್ಸ್‌ನ ಒಂದು ಅಲೆಯ ಉದ್ದ ಬರೀ 0.02 ಮಿಲಿಮೀಟರ್. ಅಷ್ಟು ಇಕ್ಕಟ್ಟಿನಲ್ಲಿ ಮುಳ್ಳು ಸ್ವಲ್ಪ ಸೊಟ್ಟಗೆ ನಿಂತರೂ ಆ ತಿರುವುಗಳನ್ನು ಸರಿಯಾಗಿ ಹಿಡಿಯುವುದಕ್ಕೆ ಆಗುವುದಿಲ್ಲ.

ನಮ್ಮ ಸಂಗೀತ ಕೇಳುವವರಿಗೆ ಇದು ಇನ್ನೂ ಜಾಸ್ತಿ ತಟ್ಟುತ್ತದೆ. ಪಾಶ್ಚಾತ್ಯ ಹಾಡುಗಳ ಎಲ್‌ಪಿಯಲ್ಲಿ ಒಂದು ಮಗ್ಗುಲಿಗೆ ಐದಾರು ಹಾಡು. ಎಷ್ಟೋ ಸಲ ಮೆತ್ತನೆಯ ಹಾಡನ್ನೇ ಬೇಕೆಂದು ಕೊನೆಗೆ ಇಡುತ್ತಿದ್ದರು. ಭೀಮಸೇನ ಜೋಶಿಯವರ ಎಲ್‌ಪಿ ತೆಗೆದುಕೊಳ್ಳಿ. ಒಂದು ಮಗ್ಗುಲಿಗೆ ಒಂದೇ ರಾಗ ಇದ್ದರೆ ಇಪ್ಪತ್ತು ನಿಮಿಷದ ಆಸುಪಾಸು. ನಿಧಾನಗತಿಯ ವಿಲಂಬಿತ ಪ್ಲೇಟಿನ ಹೊರಗಡೆ ಮೆಲ್ಲಗೆ ಅರಳುತ್ತದೆ. ವೇಗದ ದ್ರುತ್, ಅದರ ಮೇಲೆ ಸಿಡಿಲಿನ ಹಾಗೆ ಬರುವ ತಾನುಗಳು, ಎಲ್ಲ ಒಳಗಡೆ. ಜಾಗ ಕಮ್ಮಿ ಆಗುವ ಹೊತ್ತಿಗೆ ಸಂಗೀತ ಜೋರಾಗುತ್ತದೆ! ಇಪ್ಪತ್ತು ನಿಮಿಷ ಕಾದು ಕೂತಿದ್ದು ಯಾವುದಕ್ಕೋ ಅದೇ ಒಡೆದು ಕೇಳಿಸಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಹಳೆಯ ಕನ್ನಡ ಸಿನಿಮಾ ಹಾಡುಗಳ ಇಪಿಗಳದ್ದೂ ಇದೇ ಕಥೆ. ಏಳಿಂಚಿನ ಪ್ಲೇಟಿಗೆ ಹೊರಗಡೆ ಅನ್ನುವುದೇ ಇಲ್ಲ. ಎಲ್‌ಪಿಯ ಒಳ ಅರ್ಧ ಎಲ್ಲಿದೆಯೋ ಅಲ್ಲೇ ಅದರ ಪೂರ್ತಿ ಹಾಡು. ನಿಮಿಷಕ್ಕೆ 45 ಸುತ್ತಿನ ವೇಗ ಇರುವುದರಿಂದ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ, ಅಷ್ಟೇ.

ಧಾರವಾಡದಲ್ಲಿ ನನಗೆ ಪರಿಚಯದ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಒಂದು ಭಾನುವಾರ ಎರಡು ಎಲ್‌ಪಿ ಚೀಲದಲ್ಲಿ ಹಾಕಿಕೊಂಡು ಬಂದರು. ‘ತಮ್ಮಾ, ಪ್ಲೇಟ್ ಸವದು ಹೋಗೇತಿ ಅಂತಾರ. ಖರೇ ಏನು, ನೋಡು’ ಅಂದರು. ಒಂದು ಮಲ್ಲಿಕಾರ್ಜುನ ಮನ್ಸೂರರದು, ಇನ್ನೊಂದು ಜೋಶಿಯವರದು. ಮನ್ಸೂರರ ಪ್ಲೇಟು ನಮ್ಮಲ್ಲಿ ಕೊನೆಯ ತಾನಿನವರೆಗೂ ಒಂದು ಬಿರುಕಿಲ್ಲದೆ ಹಾಡಿತು. ‘ಸರ, ಪ್ಲೇಟ್ ಚಲೋ ಐತ್ರಿ’ ಅಂದೆ. ಅವರ ಮುಖ ನೋಡಬೇಕಿತ್ತು. ಸಂಜೆ ಸಾಮಾನು ತೆಗೆದುಕೊಂಡು ಅವರ ಮನೆಗೆ ಹೋದೆ.

ಅಲ್ಲಿ ಏನಾಗಿತ್ತು ಅಂದರೆ, ಯಾರೋ ಕಾರ್ಟ್ರಿಡ್ಜನ್ನು ಹೆಡ್‌ಶೆಲ್‌ನಲ್ಲಿ, ಅಂದರೆ ಅದನ್ನು ಕೂರಿಸುವ ತೋಳಿನ ತುದಿಯಲ್ಲಿ, ಪೂರ್ತಿ ಹಿಂದಕ್ಕೆ ತಳ್ಳಿ ಸ್ಕ್ರೂ ಬಿಗಿ ಮಾಡಿದ್ದರು. ನೋಡುವುದಕ್ಕೆ ಅಚ್ಚುಕಟ್ಟಾಗಿತ್ತು. ಇರಬೇಕಾದ್ದಕ್ಕಿಂತ 2 ಮಿಲಿಮೀಟರ್ ಹಿಂದೆ ಇತ್ತು. ಒಂಬತ್ತು ಇಂಚಿನ ಸಾಮಾನ್ಯ ತೋಳಿನಲ್ಲಿ ಈ 2 ಮಿಲಿಮೀಟರಿಗೆ ಪ್ಲೇಟಿನ ಅಂಚಿನಲ್ಲಿ ಕೋನ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ತಪ್ಪುತ್ತದೆ. ಲೇಬಲ್ ಹತ್ತಿರ ಸುಮಾರು ಎರಡು ಡಿಗ್ರಿ.

ಈ ಕೋನದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪ್ಲೇಟಿನ ಮೂಲ ಅಚ್ಚು ಕೊರೆಯುವ ಯಂತ್ರದಲ್ಲಿ ಕೊರೆಯುವ ಮುಳ್ಳು ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಸಾಗುತ್ತದೆ. ನಮ್ಮ ತೋಳು ಹಾಗಲ್ಲ. ಒಂದು ಕಡೆ ಕೀಲು ಇರುವ ಬಾಗಿಲಿನ ಹಾಗೆ ಬಿಲ್ಲಿನಾಕಾರದಲ್ಲಿ ತಿರುಗುತ್ತದೆ. ಹಾಗಾಗಿ ಮುಳ್ಳು ಗೆರೆಗೆ ತಕ್ಕ ಹಾಗೆ ಪೂರ್ತಿ ನೇರ ನಿಲ್ಲುವುದು ಪ್ಲೇಟಿನ ಎರಡೇ ಎರಡು ಕಡೆ. ಉಳಿದ ಕಡೆಯೆಲ್ಲ ಸ್ವಲ್ಪ ಸೊಟ್ಟ. ಆ ಸೊಟ್ಟ ಆದಷ್ಟು ಕಮ್ಮಿ ಇರಲಿ ಅಂತಲೇ ತೋಳಿನ ತುದಿಯನ್ನು ಬಗ್ಗಿಸಿರುತ್ತಾರೆ, ಮುಳ್ಳು ನಡುವಿನ ಕಡ್ಡಿಯನ್ನು ದಾಟಿ ಸ್ವಲ್ಪ ಮುಂದೆ ಬರುವ ಹಾಗೆ ಇಟ್ಟಿರುತ್ತಾರೆ. ಹೀಗೆ ಮುಂದೆ ಬರುವುದನ್ನು ಓವರ್‌ಹ್ಯಾಂಗ್ ಅನ್ನುತ್ತಾರೆ. ಟೆಕ್ನಿಕ್ಸ್ ಎಸ್‌ಎಲ್-1200 ಅನ್ನುವ ಟರ್ನ್‌ಟೇಬಲಿನಲ್ಲಿ ಇದು 15 ಮಿಲಿಮೀಟರ್.

ಆ ಎರಡು ಜಾಗ ಎಲ್ಲಿರಬೇಕು ಅನ್ನುವುದಕ್ಕೆ ಲೆಕ್ಕ ಹಾಕಿದವರಿದ್ದಾರೆ. ಲೋಫ್‌ಗ್ರೆನ್ 1938ರಲ್ಲಿ, ಬೇರ್‌ವಾಲ್ಡ್ 1941ರಲ್ಲಿ, ಸ್ಟೀವನ್‌ಸನ್ 1966ರಲ್ಲಿ. ಬೇರ್‌ವಾಲ್ಡ್ ಲೆಕ್ಕದಲ್ಲಿ ನಡುವಿನಿಂದ 66 ಮತ್ತು 120.9 ಮಿಲಿಮೀಟರ್. ಪ್ಲೇಟು ಪೂರ್ತಿ ಸರಾಸರಿ ಚೆನ್ನಾಗಿರಲಿ ಅನ್ನುವವರಿಗೆ ಇದು. ಸ್ಟೀವನ್‌ಸನ್ ಲೆಕ್ಕದಲ್ಲಿ 60.3 ಮತ್ತು 117.4. ಅಂದರೆ ಒಂದು ಜಾಗವನ್ನು ಹೆಚ್ಚುಕಮ್ಮಿ ಪ್ಲೇಟಿನ ಕೊನೆಯ ಗೆರೆಗೇ ತಂದಿಟ್ಟಿದ್ದಾರೆ. ಅದಕ್ಕೆ ಬದಲಾಗಿ ನಡುವೆ ಸ್ವಲ್ಪ ಜಾಸ್ತಿ ಸೊಟ್ಟ ಒಪ್ಪಿಕೊಂಡಿದ್ದಾರೆ. ಬೇರ್‌ವಾಲ್ಡ್ ಕಡೆಯವರೇ ಹೆಚ್ಚು. ನಾನು ಸ್ಟೀವನ್‌ಸನ್ ಕಡೆ. ನನ್ನ ಹತ್ತಿರ ಇರುವುದು ಬಹುಪಾಲು ಹಿಂದೂಸ್ತಾನಿ ಖಯಾಲ್ ಗಾಯನ ಮತ್ತು ಸಿನಿಮಾ ಇಪಿ. ಎರಡಕ್ಕೂ ಒಳಗಿನ ಗೆರೆಯೇ ಮುಖ್ಯ.

ಸರಿ, ಕೂರಿಸುವುದು ಹೇಗೆ? ಮೊದಲು ಟರ್ನ್‌ಟೇಬಲ್ ಮಟ್ಟ ಇರಬೇಕು. ಗಾರೆಯವರು ಇಟ್ಟುಕೊಳ್ಳುವ ಸಣ್ಣ ರಸಮಟ್ಟ ಸಾಕು. ಪ್ಲ್ಯಾಟರ್, ಅಂದರೆ ಪ್ಲೇಟು ಇಡುವ ತಿರುಗುವ ತಟ್ಟೆಯ ಮೇಲೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಇಟ್ಟು ನೋಡಿ. ಅಲುಗಾಡುವ ಟೀಪಾಯಿ ಮೇಲೆ ಬೇಡ. ಮಾಸ್ತರರ ಮನೆಯಲ್ಲಿ ಅಡುಗೆಮನೆ ಕಟ್ಟೆ ಮಾಡಿ ಮಿಕ್ಕಿದ್ದ ಕಡಪ ಕಲ್ಲಿನ ತುಂಡು ಸಿಕ್ಕಿತು. ಅದರ ಮೇಲೆ ಇಟ್ಟೆವು.

ಕಾರ್ಟ್ರಿಡ್ಜ್ ಹಿಂದೆ ನಾಲ್ಕು ಪಿನ್ನು, ನಾಲ್ಕು ಬಣ್ಣದ ಕೂದಲಿನಂಥ ವೈರು. ಬಿಳಿ ಮತ್ತು ನೀಲಿ ಎಡಗಡೆಯವು, ಕೆಂಪು ಮತ್ತು ಹಸಿರು ಬಲಗಡೆಯವು. ಚಿಮುಟದಲ್ಲಿ ಹಿಡಿದು ಮೆಲ್ಲಗೆ ತಳ್ಳಬೇಕು. ಎಳೆದರೆ ಕಿತ್ತು ಬರುತ್ತವೆ. ಮುಳ್ಳನ್ನು ಬಿಚ್ಚಿಡುವ ಹಾಗಿದ್ದರೆ ಈ ಕೆಲಸ ಮುಗಿಯುವವರೆಗೆ ಬಿಚ್ಚಿಯೇ ಇಡಿ. ಸ್ಕ್ರೂಗಳು ಜಾರದಷ್ಟು ಹಿಡಿದಿರಲಿ, ಬಿಗಿ ಆಮೇಲೆ.

ಮುಳ್ಳು ಹಾಕಿದ ಮೇಲೆ ತೂಕ. ಹಿಂದಿನ ತೂಕದ ಗುಂಡನ್ನು ತಿರುಗಿಸುತ್ತಾ ಬಂದರೆ ಒಂದು ಹಂತದಲ್ಲಿ ತೋಳು ತಕ್ಕಡಿಯ ಹಾಗೆ ಗಾಳಿಯಲ್ಲಿ ನಿಲ್ಲುತ್ತದೆ. ಅದು ಸೊನ್ನೆ. ಅಲ್ಲಿಂದ ಕಂಪನಿ ಹೇಳಿದಷ್ಟು ಕೊಡಬೇಕು. ಮಾಸ್ತರರದು ಆಡಿಯೋ-ಟೆಕ್ನಿಕಾ ಎಟಿ-ವಿಎಂ95ಇ ಕಾರ್ಟ್ರಿಡ್ಜ್, ಅದಕ್ಕೆ 2 ಗ್ರಾಂ. ಆನ್‌ಲೈನ್‌ನಲ್ಲಿ ಸಿಗುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಒಮ್ಮೆ ಅಳೆದುಬಿಡಿ. ಪ್ಲೇಟು ಸವೆಯುತ್ತೆ ಅಂತ ಹೆದರಿ ತೂಕ ಕಮ್ಮಿ ಇಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಹಗುರವಾದ ಮುಳ್ಳು ಗೆರೆಯೊಳಗೆ ಕೂರುವುದಿಲ್ಲ, ಕುಣಿಯುತ್ತದೆ. ಕುಣಿದು ಗೆರೆಯ ಗೋಡೆಗೆ ಬಡಿದಾಗಲೇ ಪ್ಲೇಟು ಹಾಳಾಗುವುದು. ಇನ್ನು ಕೆಲವರು ಹಾರುವ ಮುಳ್ಳನ್ನು ಅದುಮಿ ಇಡಲು ಹೆಡ್‌ಶೆಲ್ ಮೇಲೆ ನಾಲ್ಕಾಣೆ ಇಡುತ್ತಾರೆ. ಆ ನಾಣ್ಯವೇ ಎರಡೂವರೆ ಗ್ರಾಂ ಆಸುಪಾಸು ತೂಗುತ್ತದೆ. ಭಾರ ಎರಡು ಪಟ್ಟಿಗಿಂತ ಜಾಸ್ತಿ ಆಯಿತು.

ಈಗ ಅಸಲಿ ಕೆಲಸ. ಮೇಲೆ ಹೇಳಿದ ಆ ಎರಡು ಜಾಗಕ್ಕೆ ಎರಡು ಚುಕ್ಕೆ ಇಟ್ಟಿರುವ ಅಳತೆಯ ಹಾಳೆ, ಅಂದರೆ ಪ್ರೊಟ್ರಾಕ್ಟರ್, ಬೇಕು. ಒಂದೊಂದು ಚುಕ್ಕೆಯ ಸುತ್ತ ಚೌಕುಳಿ ಗೆರೆಗಳಿರುತ್ತವೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೂ ನಡೆಯುತ್ತದೆ. ಆದರೆ ಪ್ರಿಂಟರು ಹಾಳೆಗೆ ಸರಿಹೊಂದಿಸಲು ಹೋಗಿ ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಹಾಳೆಯ ಮೇಲಿನ ಅಳತೆಗೆರೆಗೆ ಸ್ಕೇಲ್ ಇಟ್ಟು ನೋಡಿ. 100 ಮಿಲಿಮೀಟರ್ ಇರಬೇಕಾದ್ದು 97 ಇದ್ದರೆ ಆ ಹಾಳೆ ಬಿಸಾಡಿ. ನಡುವಿನ ತೂತು ಕಡ್ಡಿಗೆ ಬಿಗಿಯಾಗಿ ಕೂರಬೇಕು, ಲೊಡಲೊಡ ಅನ್ನಬಾರದು.

ಪ್ಲ್ಯಾಟರ್ ತಿರುಗದ ಹಾಗೆ ಹಿಡಿದು, ಮುಳ್ಳನ್ನು ಒಳಗಿನ ಚುಕ್ಕೆಯ ಮೇಲೆ ಇಳಿಸಿ. ಮೊಬೈಲ್ ಟಾರ್ಚು ಪಕ್ಕದಿಂದ ಹಾಕಿ. ಭೂತಗನ್ನಡಿ ಹಿಡಿದು, ಕಣ್ಣನ್ನು ಪ್ಲ್ಯಾಟರ್ ಮಟ್ಟಕ್ಕೆ ತಂದು ಮುಂದಿನಿಂದ ನೋಡಿ. ಮುಳ್ಳು ಒಂದು ತೆಳ್ಳನೆಯ ಲೋಹದ ಕಡ್ಡಿಯ ತುದಿಯಲ್ಲಿರುತ್ತದೆ. ಆ ಕಡ್ಡಿ ಚೌಕುಳಿಯ ಗೆರೆಯ ಮೇಲೆ ಗೆರೆಯಾಗಿ ಕೂತಿದೆಯಾ? ಡಬ್ಬಿಯ ಮೈ ನೋಡಿ ಮೋಸ ಹೋಗಬೇಡಿ, ಎಷ್ಟೋ ಕಾರ್ಟ್ರಿಡ್ಜ್‌ಗಳಲ್ಲಿ ಕಡ್ಡಿ ಡಬ್ಬಿಗೆ ಸ್ವಲ್ಪ ಓರೆ ಇರುತ್ತದೆ. ಓರೆ ಕಂಡರೆ ಡಬ್ಬಿಯನ್ನು ಒಂದು ಕೂದಲಿನಷ್ಟು ತಿರುಗಿಸಿ. ಆಮೇಲೆ ಹೊರಗಿನ ಚುಕ್ಕೆಗೆ ಹೋಗಿ. ಅಲ್ಲಿ ಓರೆ ಕಂಡರೆ ಡಬ್ಬಿಯನ್ನು ಹಿಂದಕ್ಕೋ ಮುಂದಕ್ಕೋ ಸರಿಸಬೇಕು. ಸರಿಸಿದ ಕೂಡಲೇ ಒಳಗಿನದು ಕೆಡುತ್ತದೆ. ಮತ್ತೆ ಒಳಗೆ ಹೋಗಿ, ಮತ್ತೆ ಹೊರಗೆ. ಹತ್ತು ಸಲ, ಹದಿನೈದು ಸಲ. ಸರಿಸುವಷ್ಟು ಸಲವೂ ತೋಳನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಇಟ್ಟೇ ಸರಿಸಿ. ಎರಡೂ ಕಡೆ ಒಂದೇ ಸಲ ನೇರ ಬಂದಾಗ ಸ್ಕ್ರೂಗಳನ್ನು ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ಬಿಗಿ ಮಾಡಿ. ಬಿಗಿ ಮಾಡುವಾಗ ಜಾರುತ್ತದೆ, ಹಾಗಾಗಿ ಮತ್ತೊಮ್ಮೆ ನೋಡಿ. ಡಬ್ಬಿ ಮುಂದೆ ಹೋದರೆ ತೂಕವೂ ಬದಲಾಗುತ್ತದೆ. ಅದನ್ನೂ ಮತ್ತೆ ಅಳೆಯಿರಿ.

ಮಾಸ್ತರರ ಮನೆಯಲ್ಲಿ ನನಗೆ ಒಂದು ಗಂಟೆ ಹಿಡಿಯಿತು. ಅವರು ಟಾರ್ಚು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು.

ಮಿಕ್ಕಿದ್ದು ಬೇಗ ಮುಗಿಯುತ್ತದೆ. ಪ್ಲೇಟಿನ ಮೇಲೆ ಮುಳ್ಳು ಇಳಿಸಿದಾಗ ತೋಳು ಪ್ಲೇಟಿಗೆ ಸಮಾನಾಂತರವಾಗಿ ಕಾಣಬೇಕು. ಮುಂದಿನಿಂದ ನೋಡಿದರೆ ಡಬ್ಬಿ ಎಡಕ್ಕೂ ಬಲಕ್ಕೂ ವಾಲಿರಬಾರದು. ಆಂಟಿಸ್ಕೇಟ್ ಅಂತ ಒಂದು ಗುಂಡಿ ಇರುತ್ತದೆ. ತಿರುಗುವ ಪ್ಲೇಟು ತೋಳನ್ನು ಒಳಕ್ಕೆ ಎಳೆಯುತ್ತದೆ, ಇದು ಹೊರಕ್ಕೆ ಎಳೆದು ಸಮ ಮಾಡುತ್ತದೆ. ಮುಳ್ಳಿನ ತೂಕದ ಅಂಕಿಗೇ ಇಟ್ಟು ಶುರು ಮಾಡಿ. ಬಲಗಡೆಯ ಸ್ಪೀಕರ್ ಮಾತ್ರ ಒಡೆಯುತ್ತಿದ್ದರೆ ಸ್ವಲ್ಪ ಏರಿಸಿ. ಗುಂಯ್ ಅನ್ನುವ ಸದ್ದು ಬಂದರೆ ಅರ್ತ್ ವೈರನ್ನು ಫೋನೋ ಆಂಪ್ಲಿಫೈಯರಿಗೆ, ಅಂದರೆ ಟರ್ನ್‌ಟೇಬಲಿನ ಸಣ್ಣ ದನಿಯನ್ನು ದೊಡ್ಡದು ಮಾಡುವ ಪೆಟ್ಟಿಗೆಗೆ, ಸಿಕ್ಕಿಸಿದ್ದೀರಾ ನೋಡಿ.

ಅಮೆರಿಕದಿಂದ ವಾಪಸ್ ಬರುವಾಗ ಟರ್ನ್‌ಟೇಬಲ್ ತಂದವರಿಗೆ ಒಂದು ಮಾತು. ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಕರೆಂಟಿನ ಹರ್ಟ್ಸ್ ನೋಡಿಯೇ ತಿರುಗುವ ಎಸಿ ಮೋಟಾರು ಇದ್ದರೆ 33 ಬದಲು 28ರ ಹತ್ತಿರ ತಿರುಗುತ್ತದೆ. ಶ್ರುತಿ ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದರೂ ಇದು ಸರಿಹೋಗುವುದಿಲ್ಲ, ಮೋಟಾರಿನ ಪುಲ್ಲಿಯನ್ನೇ ಬದಲಿಸಬೇಕು. ಇನ್ನು ಅಜ್ಜನ ಕಾಲದ 78ರ ಪ್ಲೇಟುಗಳನ್ನು ಎಲ್‌ಪಿಯ ಮುಳ್ಳಿನಲ್ಲಿ ಹಾಕಬೇಡಿ. ಅವುಗಳ ಗೆರೆ ತುಂಬಾ ಅಗಲ, ಅದಕ್ಕೆ ದಪ್ಪ ಮುಳ್ಳೇ ಬೇರೆ ಸಿಗುತ್ತದೆ.

ಹಾಗಾದರೆ ತಪ್ಪು ಪ್ಲೇಟಿನದ್ದಾ, ಕೂರಿಸಿದ್ದರದ್ದಾ ಅಂತ ಗೊತ್ತಾಗುವುದು ಹೇಗೆ? ಯಾವ ಪ್ಲೇಟು ಹಾಕಿದರೂ ಕೊನೆಯ ನಾಲ್ಕೈದು ನಿಮಿಷ ಒಡೆಯುತ್ತಿದ್ದರೆ ಕೂರಿಸಿದ್ದು ಸರಿಯಿಲ್ಲ, ಇಲ್ಲವೇ ಮುಳ್ಳೇ ಸವೆದಿದೆ. ವಿಎಂ95ಇಯ ಮುಳ್ಳಿಗೆ ಸುಮಾರು 300 ಗಂಟೆ ಆಯುಸ್ಸು. ಉಳಿದವೆಲ್ಲ ಚೆನ್ನಾಗಿದ್ದು ಒಂದೇ ಪ್ಲೇಟು ಒಡೆಯುತ್ತಿದ್ದರೆ ಆ ಪ್ಲೇಟಿನ ಹಣೆಬರಹ.

ಆ ರಾತ್ರಿ ಮೊದಲು ಮನ್ಸೂರರನ್ನು ಹಾಕಿದೆವು. ಕೊನೆಯವರೆಗೂ ನಿಚ್ಚಳ. ಮಾಸ್ತರರು ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಆಮೇಲೆ ಜೋಶಿಯವರನ್ನು ಹಾಕಿದೆವು. ದ್ರುತ್ ಬಂದ ಕೂಡಲೇ ಒಡೆಯಿತು. ಮೊದಲಿಗಿಂತ ಕಮ್ಮಿ, ಆದರೂ ಒಡೆಯಿತು. ಹಿಂದೆ ಸೂಟ್‌ಕೇಸ್ ಥರದ ಪ್ಲೇಯರಿನಲ್ಲಿ ಐದಾರು ಗ್ರಾಂ ಭಾರದ ಮುಳ್ಳು ಅದರ ಮೇಲೆ ವರ್ಷಗಟ್ಟಲೆ ಓಡಿತ್ತಂತೆ. ಆ ಗೋಡೆಗಳು ಮತ್ತೆ ಬೆಳೆಯುವುದಿಲ್ಲ. ತುದಿ ಇನ್ನೂ ಚೂಪಾಗಿರುವ ಮೈಕ್ರೋಲೈನ್ (ಎಂಎಲ್) ಮುಳ್ಳು ಹಾಕಿದರೆ ಗೆರೆಯಲ್ಲಿ ಹಳೆಯ ಮುಳ್ಳು ಸವೆಸದೇ ಬಿಟ್ಟ ಜಾಗವನ್ನು ಅದು ಮುಟ್ಟಬಹುದು, ಅದೇ ಡಬ್ಬಿಗೆ ಎಂಎಲ್ ಮುಳ್ಳು ಸಿಕ್ಕಿಸಬಹುದು ಅಂತ ಹೇಳಿದ್ದೇನೆ. ‘ತರಸು’ ಅಂದಿದ್ದಾರೆ.