ಕಾನೆಮಾರಾದ ಸಾರ್ಜೆಂಟ್ ಮತ್ತು ನಮ್ಮ ಅಜ್ಜಿಯ ತುಳು

ಐರ್ಲೆಂಡಿನ ಗಾಲ್ವೇಗೆ ನರ್ಸ್ ಆಗಿ ಬಂದ ಮೇಲೆ ಇದು ನನ್ನ ನಾಲ್ಕನೆಯ ಚಳಿಗಾಲ. ಕಳೆದ ವಾರ ರಾತ್ರಿ ಪಾಳಿ ಮುಗಿಸಿ ಬಂದು, ನಿದ್ದೆ ಹತ್ತದೆ, ‘ದಿ ಗಾರ್ಡ್’ ಚಿತ್ರವನ್ನು ಮೂರನೆಯ ಸಲ ನೋಡಿದೆ. 2011ರಲ್ಲಿ ಬಂದ ಈ ಚಿತ್ರ ನಿರ್ದೇಶಕ ಜಾನ್ ಮೈಕಲ್ ಮೆಕ್‌ಡೊನಾ ಅವರ ಮೊದಲನೆಯದು. ಕಥೆ ನಡೆಯುವ ಕಾನೆಮಾರಾ ನನ್ನ ಮನೆಯಿಂದ ಬಸ್ಸಿನ ದಾರಿ.

ಬ್ರೆಂಡನ್ ಗ್ಲೀಸನ್ ಇಲ್ಲಿ ಊರಿನ ಪೊಲೀಸ್ ಸಾರ್ಜೆಂಟ್ ಜೆರ್ರಿ ಬಾಯ್ಲ್. ಮಾದಕವಸ್ತು ಸಾಗಣೆದಾರರ ಬೆನ್ನುಹತ್ತಿ ಅಮೆರಿಕದಿಂದ ಬರುವ ಎಫ್‌ಬಿಐ ಅಧಿಕಾರಿ ವೆಂಡೆಲ್ ಎವೆರೆಟ್ ಆಗಿ ಡಾನ್ ಚೀಡಲ್. ಒಬ್ಬ ಶಿಸ್ತಿನ ಸಿಪಾಯಿ, ಇನ್ನೊಬ್ಬನಿಗೆ ಮೇಲಧಿಕಾರಿಯ ಭಯವೂ ಇಲ್ಲ. ಅರ್ಧ ಬಿಲಿಯನ್ ಡಾಲರ್ ಬೆಲೆಯ ಕೊಕೇನ್ ಬರುತ್ತಿದೆ ಎಂದು ಪೊಲೀಸರ ಸಭೆಯಲ್ಲಿ ಎವೆರೆಟ್ ಹೇಳಿದರೆ, ಯಾವ ಬೀದಿಯಲ್ಲಿ ಆ ಬೆಲೆ ಎಂದು ಬಾಯ್ಲ್ ಕೇಳುತ್ತಾನೆ. ಅದಕ್ಕೆ ಮನಸಾರೆ ನಕ್ಕಿದ್ದೇನೆ.

ಆದರೆ ಅದೇ ಸಭೆಯಲ್ಲಿ ಕಪ್ಪು ಹುಡುಗರಷ್ಟೇ ಮಾದಕವಸ್ತು ಮಾರುತ್ತಾರೆಂದು ತಿಳಿದಿದ್ದೆ ಎಂದು ಬಾಯ್ಲ್ ಆ ಕಪ್ಪು ಅಧಿಕಾರಿಯ ಮುಖಕ್ಕೇ ಹೇಳುತ್ತಾನೆ. ಮೊದಲ ಸಲ ನೋಡಿದಾಗ ಎದೆ ಧಸಕ್ಕೆಂದಿತು. ಈಗಲೂ ಆ ಮಾತಿಗೆ ನಗು ಬರುವುದಿಲ್ಲ. ಪರದೇಶದಲ್ಲಿ ಬಣ್ಣ ಬೇರೆಯಾಗಿ ಬದುಕುವವರಿಗೆ ಅದು ತಮಾಷೆಯಾಗಿ ಕೇಳಿಸುವುದು ಕಷ್ಟ. ಚೀಡಲ್ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಈ ಮನುಷ್ಯ ದಡ್ಡನೋ ಮಹಾ ಜಾಣನೋ ಎಂಬ ಲೆಕ್ಕಾಚಾರ ಕಾಣುತ್ತದೆ. ಆ ಲೆಕ್ಕ ಬಿಡಿಸುವುದರಲ್ಲೇ ಇಡೀ ಚಿತ್ರ ಸಾಗುತ್ತದೆ.

ನನಗೆ ಅತ್ಯಂತ ಇಷ್ಟವಾದದ್ದು ಎವೆರೆಟ್ ಒಬ್ಬನೇ ವಿಚಾರಣೆಗೆ ಹೊರಡುವ ಭಾಗ. ಬಾಯ್ಲ್ ತನ್ನ ರಜೆಯ ದಿನವನ್ನು ಬಿಟ್ಟುಕೊಡುವುದಿಲ್ಲ. ಎವೆರೆಟ್ ಮನೆಮನೆಗೆ ಹೋಗಿ ಫೋಟೋ ತೋರಿಸುತ್ತಾನೆ. ಜನ ಐರಿಷ್ ಭಾಷೆಯಲ್ಲೇ ಉತ್ತರಿಸುತ್ತಾರೆ. ಇಂಗ್ಲಿಷ್ ಬಾರದವರು ಅಲ್ಲಿ ಯಾರೂ ಇಲ್ಲ. ಕಾರ್ಕಳದ ಹತ್ತಿರ ನಮ್ಮ ಅಜ್ಜಿ ಹೀಗೆಯೇ ಇದ್ದರು. ದಿನವೂ ಕನ್ನಡ ಪತ್ರಿಕೆ ಓದುತ್ತಿದ್ದ ಅವರು, ಜಮೀನು ಅಳೆಯಲು ಸರ್ವೆಯವರು ಬಂದ ದಿನ ಅಂಗಳದ ತುಳಸಿಕಟ್ಟೆಗೆ ಒರಗಿ ನಿಂತು, ಗಡಿಕಲ್ಲಿನ ಮಾತು ಮುಗಿಯುವವರೆಗೆ ತುಳು ಬಿಟ್ಟು ಬೇರೆ ಭಾಷೆ ಆಡಲಿಲ್ಲ. ಆಮೇಲೆ ಅಚ್ಚಗನ್ನಡದಲ್ಲಿ, “ಬಾಯಾರಿಕೆಗೆ ಬೆಲ್ಲ ನೀರು ತರಲೇ?” ಎಂದು ಕೇಳಿದರು.

ನಮ್ಮ ವಾರ್ಡಿನಲ್ಲೂ ಕಾನೆಮಾರಾ ಕಡೆಯ ಹಿರಿಯರು ಮಕ್ಕಳೊಂದಿಗೆ ಐರಿಷ್‌ನಲ್ಲಿ ಮಾತನಾಡುತ್ತಿದ್ದು, ನಾನು ಮಾತ್ರೆಯ ತಟ್ಟೆ ಹಿಡಿದು ಹೋದಾಗ ಇಂಗ್ಲಿಷ್‌ಗೆ ಹೊರಳುತ್ತಾರೆ. ಅವರಲ್ಲಿ ‘ನಮಸ್ಕಾರ’ಕ್ಕೆ ‘ದೇವರು ನಿನ್ನೊಂದಿಗಿರಲಿ’ ಎಂಬಂಥ ಮಾತಿದೆ. ಅದಕ್ಕೆ ಮರುನುಡಿಯುವವರು ಮೇರಿಯನ್ನೂ ಸೇರಿಸುತ್ತಾರೆ. ಅದನ್ನು ಕಲಿತು ಮೊದಲ ಸಲ ಹೇಳಿದ ದಿನ, ಒಬ್ಬ ಅಜ್ಜ ಕನ್ನಡಕ ತೆಗೆದು ನನ್ನನ್ನು ಹೊಸದಾಗಿ ನೋಡಿದರು.

ಚಿತ್ರದಲ್ಲಿ ಬಾಯ್ಲ್‌ನ ತಾಯಿ ಸಾವಿನಂಚಿನಲ್ಲಿದ್ದಾಳೆ. ಫಿಯೊನುಲಾ ಫ್ಲಾನಗನ್ ಆ ಪಾತ್ರವನ್ನು ಕಣ್ಣೀರಿಗೆ ಬಿಟ್ಟುಕೊಟ್ಟಿಲ್ಲ. ಬಾಯ್ಲ್ ಅವಳ ಪಕ್ಕ ಕುಳಿತಾಗ ಅವನ ದೊಡ್ಡ ದೇಹ ಸಣ್ಣದಾಗುತ್ತದೆ. ಸಾಯುತ್ತಿರುವವರ ಬಳಿ ಹೀಗೆ ಸಲೀಸಾಗಿ ಹರಟೆ ಹೊಡೆಯಬಲ್ಲ ಮಕ್ಕಳು ಅಪರೂಪ. ಬಹುತೇಕರು ದಿಂಬು ಸರಿಪಡಿಸುತ್ತ ಗೋಡೆ ನೋಡುತ್ತಾರೆ. ಗ್ಲೀಸನ್‌ಗೆ ಗೋಲ್ಡನ್ ಗ್ಲೋಬ್ ನಾಮನಿರ್ದೇಶನ ಸಿಕ್ಕಿತ್ತು. ನನ್ನ ಪ್ರಕಾರ ಆ ದೃಶ್ಯಗಳಿಗಾಗಿಯೇ ಸಿಗಬೇಕಿತ್ತು.

ಇಲ್ಲಿ ಸಮವಸ್ತ್ರದ ಗಾರ್ಡ್‌ಗಳು, ಅಂದರೆ ಪೊಲೀಸರು, ಸಾಮಾನ್ಯವಾಗಿ ಬಂದೂಕು ಹಿಡಿಯುವುದಿಲ್ಲ. ಅದು ತಿಳಿದಿದ್ದರೆ, ಸಹೋದ್ಯೋಗಿಗಳೆಲ್ಲ ಲಂಚಕ್ಕೆ ಬಿದ್ದ ರಾತ್ರಿ ಬಾಯ್ಲ್ ಆಯುಧ ಹಿಡಿದು ಬಂದರಿನತ್ತ ನಡೆಯುವುದರ ಭಾರ ಅರ್ಥವಾಗುತ್ತದೆ. ಜೊತೆಗೆ ಹೋಗುವುದು ಎವೆರೆಟ್ ಒಬ್ಬನೇ.

ಸೋಲ್‌ನಲ್ಲಿ ನಡೆದ 1988ರ ಒಲಿಂಪಿಕ್ಸ್‌ನ ಈಜಿನಲ್ಲಿ ನಾಲ್ಕನೆಯವನಾಗಿದ್ದೆ ಎಂದು ಬಾಯ್ಲ್ ಹೇಳಿಕೊಂಡಿರುತ್ತಾನೆ. ಬಾಯ್ಲ್ ಹತ್ತಿದ್ದ ಸಾಗಣೆದಾರರ ದೋಣಿ ಸುಟ್ಟುಹೋದ ಮರುದಿನ ಎವೆರೆಟ್ ಸಮುದ್ರ ನೋಡುತ್ತ ನಿಂತಾಗ ಆ ಮಾತು ಮತ್ತೆ ಬರುತ್ತದೆ, ಅವನ ಮುಖದಲ್ಲಿ ನಗು ಮೂಡುತ್ತದೆ. ಮೂರು ಸಲವೂ ನಾನು ಆ ನಗುವನ್ನು ನಂಬಿದ್ದೇನೆ.