ಕಡಲತಳದ ಬೂದಿಯಿಂದ ಹಳೆಯ ಹವಾಮಾನದ ಕಾಲ ಗೊತ್ತುಮಾಡುವುದು

ಕಡಲತಳಕ್ಕೆ ಕೊಳವೆ ಇಳಿಸಿ ತೆಗೆದ ಹೂಳಿನ ಕೋರಿನಲ್ಲಿ, ಅಂದರೆ ಹೂಳಿನ ಉದ್ದನೆಯ ಕಂಬದಲ್ಲಿ, ಹವಾಮಾನದ ಸುದ್ದಿ ಹುಡುಕುವುದು ಅಷ್ಟು ಕಷ್ಟವಲ್ಲ. ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪಿನ ಆಕ್ಸಿಜನ್ ಐಸೊಟೋಪುಗಳನ್ನು (ತೂಕದಲ್ಲಷ್ಟೇ ಬೇರೆಯಾದ ಆಕ್ಸಿಜನ್ ಪರಮಾಣುಗಳನ್ನು) ಅಳೆದರೆ ನೀರಿನ ಉಷ್ಣತೆ ಮತ್ತು ಆಗ ನೆಲದ ಮೇಲಿದ್ದ ಹಿಮದ ಪ್ರಮಾಣ, ಎರಡೂ ಬೆರೆತ ಒಂದು ಸುಳಿವು ಸಿಗುತ್ತದೆ. ಕಷ್ಟವಿರುವುದು "ಯಾವಾಗ" ಎಂಬ ಪ್ರಶ್ನೆಯಲ್ಲಿ. ಗ್ರೀನ್‌ಲ್ಯಾಂಡ್ ಮೊದಲು ಬೆಚ್ಚಗಾಯಿತೋ, ಉತ್ತರ ಅಟ್ಲಾಂಟಿಕ್ ಮೊದಲೋ? ಹಿಮದ ಕೋರಿನಲ್ಲಿ ವರ್ಷದ ಪದರಗಳನ್ನು ಎಣಿಸುತ್ತೇವೆ, ಕಡಲ ಕೋರಿನಲ್ಲಿ ರೇಡಿಯೋಕಾರ್ಬನ್, ಅಂದರೆ ಕಾಲ ಕಳೆದಂತೆ ಕ್ಷಯಿಸುವ ವಿಕಿರಣಶೀಲ ಇಂಗಾಲ, ಬಳಸುತ್ತೇವೆ. ಎರಡು ಗಡಿಯಾರಗಳು, ಒಂದರ ತಪ್ಪು ಇನ್ನೊಂದರಂತಿಲ್ಲ.

ಇದಕ್ಕೆ ಬಹಳ ಜನ ಹಿಡಿಯುವ ಅಡ್ಡದಾರಿಯೆಂದರೆ ಎರಡೂ ಕೋರುಗಳ ಏರಿಳಿತದ ಗೆರೆಗಳನ್ನು ಪಕ್ಕಪಕ್ಕ ಇಟ್ಟು ಒಂದಕ್ಕೊಂದು ಹೊಂದಿಸಿಬಿಡುವುದು. ಗೆರೆಗಳು ಚೆನ್ನಾಗಿ ಕೂಡುತ್ತವೆ, ನಿಜ. ಆದರೆ ಎರಡೂ ಕಡೆ ಬದಲಾವಣೆ ಒಟ್ಟಿಗೇ ಆಯಿತು ಎಂದು ಮೊದಲೇ ಒಪ್ಪಿಕೊಂಡು ಹೊಂದಿಸಿದ ಮೇಲೆ, ಯಾವುದು ಮುಂಚೆ ಎಂದು ಕೇಳುವ ಹಕ್ಕೇ ಹೋಯಿತು. ಜ್ವಾಲಾಮುಖಿಯ ಬೂದಿ ಬೇಕಾಗುವುದು ಇಲ್ಲೇ. ಒಂದು ಸ್ಫೋಟದ ಬೂದಿ ಹಿಮದ ಮೇಲೆ, ಕೆರೆಯ ತಳದಲ್ಲಿ, ಸಾಗರದ ಹೂಳಿನಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೀಳುತ್ತದೆ. ಹವಾಮಾನ ಏನೇ ಮಾಡುತ್ತಿದ್ದರೂ ಅದಕ್ಕೆ ಸಂಬಂಧವಿಲ್ಲ. ಬೂದಿಗೆ ವಯಸ್ಸು ಇನ್ನೂ ಗೊತ್ತಿಲ್ಲದಿದ್ದರೂ ಎರಡು ಕೋರುಗಳಲ್ಲಿ "ಇದು ಒಂದೇ ಕ್ಷಣ" ಎಂದು ಬೆರಳಿಟ್ಟು ತೋರಿಸಬಹುದು. ಈ ವಿಧಾನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ವಯಸ್ಸಿನ ಅಂಕಿಯಲ್ಲ, ಈ ಏಕಕಾಲ.

ಒಳ್ಳೆಯ ಉದಾಹರಣೆ ವೆಡ್ಡೆ ಬೂದಿ. ಐಸ್‌ಲ್ಯಾಂಡಿನ ಕಾಟ್ಲಾ ಜ್ವಾಲಾಮುಖಿಯದು. ಹೆಸರು ಬಂದದ್ದು ನಾರ್ವೆಯ ಊರೊಂದರಿಂದ. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಪದರ ಎಣಿಸಿ ಕೊಟ್ಟ ವಯಸ್ಸು, ಕ್ರಿ.ಶ. 2000ಕ್ಕೆ ಹಿಂದೆ 12,171 ವರ್ಷ, 114 ಆಚೀಚೆ. ಅಂದರೆ ಯಂಗರ್ ಡ್ರಯಾಸ್ ಎಂಬ ಶೀತ ಕಾಲದ ನಟ್ಟನಡುವೆ. ಇದೇ ಬೂದಿ ನಾರ್ವೆ, ಸ್ಕಾಟ್ಲೆಂಡುಗಳ ಕೆರೆಗಳಲ್ಲೂ ಉತ್ತರ ಅಟ್ಲಾಂಟಿಕ್ ಹೂಳಿನಲ್ಲೂ ಸಿಗುತ್ತದೆ. ಮೆಡಿಟರೇನಿಯನ್ನಿನಲ್ಲಿ ವೈ-5 ಎಂದು ಕರೆಯುವ ಪದರ ನೇಪಲ್ಸ್ ಬಳಿಯ ಕ್ಯಾಂಪಾನಿಯನ್ ಇಗ್ನಿಂಬ್ರೈಟ್ ಸ್ಫೋಟದ್ದು, ಸುಮಾರು 40,000 ವರ್ಷ ಹಳೆಯದು. ಹೈನ್ರಿಚ್ 4 ಎಂಬ ಶೀತ ಘಟ್ಟಕ್ಕೆ ತೀರ ಹತ್ತಿರ. ಸುಮಾತ್ರದ ಟೋಬಾ ಸುಮಾರು 74,000 ವರ್ಷದ ಹಿಂದೆ ಸಿಡಿದಾಗ ಬಂಗಾಳ ಕೊಲ್ಲಿ, ಅರಬ್ಬೀ ಸಮುದ್ರ, ದಕ್ಷಿಣ ಚೀನಾ ಸಮುದ್ರ ಮೂರಕ್ಕೂ ಬೂದಿ ಬಿತ್ತು. ಭಾರತದ ನದಿಕಣಿವೆಗಳಲ್ಲೂ ಪೂರ್ವ ಆಫ್ರಿಕದ ಮಲಾವಿ ಸರೋವರದ ತಳದಲ್ಲೂ ಅದೇ ಬೂದಿಯಿದೆ.

ನಾಲ್ಕು ಕಿಲೋಮೀಟರ್ ನೀರು ದಾಟಿ ತಳ ಸೇರುವಷ್ಟರಲ್ಲಿ ಕಾಲ ಕೆಡುವುದಿಲ್ಲವೇ ಎಂಬ ಸಂಶಯ ಸಹಜ. ಲೆಕ್ಕ ಹಾಕೋಣ. ಬೂದಿಯೆಂದರೆ ಬಹುಪಾಲು ಜ್ವಾಲಾಮುಖಿ ಗಾಜಿನ ಚೂರುಗಳು. 30 ಮೈಕ್ರಾನಿನ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾಜಿನ ಚೂರು, ಸಾಂದ್ರತೆ 2.4, ತಣ್ಣಗಿನ ಸಮುದ್ರದ ನೀರು. ದ್ರವದಲ್ಲಿ ಸಣ್ಣ ಕಣ ಇಳಿಯುವ ವೇಗ ಹೇಳುವ ಸ್ಟೋಕ್ಸ್ ಸೂತ್ರದ ಪ್ರಕಾರ ಅದು ಸೆಕೆಂಡಿಗೆ ಸುಮಾರು 0.45 ಮಿಲಿಮೀಟರ್ ಇಳಿಯುತ್ತದೆ. 4,000 ಮೀಟರ್ ಇಳಿಯಲು ಸುಮಾರು 100 ದಿನ. 10 ಮೈಕ್ರಾನಿನ ಚೂರಿಗೆ ಎರಡೂವರೆ ವರ್ಷ. ಚಪ್ಪಟೆ ಚೂರು ಇನ್ನಷ್ಟು ನಿಧಾನ, ಗುಂಪಾಗಿ ಅಂಟಿಕೊಂಡರೆ ಬಹಳ ಬೇಗ. ಸಾವಿರಾರು ವರ್ಷಗಳ ಲೆಕ್ಕದಲ್ಲಿ ಇದು ಗಣನೆಗೇ ಬಾರದು. ಕಾಲ ಕೆಡುವುದು ತಳ ಮುಟ್ಟಿದ ಮೇಲೆ. ಅದನ್ನು ಆಮೇಲೆ ನೋಡೋಣ.

ಮೊದಲು ಬೂದಿ ಸಿಗಬೇಕಲ್ಲ. ಬರಿಗಣ್ಣಿಗೆ ಕಾಣುವ ಪದರ ಇರುವುದು ಜ್ವಾಲಾಮುಖಿಗೆ ಹತ್ತಿರದಲ್ಲಿ, ಇಲ್ಲವೇ ಟೋಬಾದಂಥ ಮಹಾಸ್ಫೋಟಗಳಲ್ಲಿ. ಉಳಿದೆಡೆ ಹೂಳಿನೊಳಗೆ ಅಲ್ಲೊಂದು ಇಲ್ಲೊಂದು ಚೂರು ಅಡಗಿರುತ್ತದೆ. ಇದಕ್ಕೆ ಕ್ರಿಪ್ಟೋಟೆಫ್ರಾ ಎನ್ನುತ್ತಾರೆ. ಕಪ್ಪು ಬಸಾಲ್ಟ್ ಬೂದಿ ಸಾಕಷ್ಟಿದ್ದರೆ ಕಾಂತಗ್ರಾಹಿತೆಯ ಅಳತೆಯಲ್ಲೋ ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣದಿಂದ ಧಾತುಗಳನ್ನು ಗುರುತಿಸುವ) ಸ್ಕ್ಯಾನಿನ ಟೈಟಾನಿಯಂ ಗೆರೆಯಲ್ಲೋ ಮುಳ್ಳಿನಂತೆ ಎದ್ದು ಕಾಣುತ್ತದೆ. ತಿಳಿ ಬಣ್ಣದ ರಯೋಲೈಟ್ ಬೂದಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದು ಕೋರನ್ನು ಬದಿಗಿಡಬಾರದು.

ಕೋರು ಸೀಳಿದ ಮೇಲೆ ಮುಖವನ್ನು ಅಡ್ಡಡ್ಡಲಾಗಿ ಕೆರೆಯಬೇಕು, ಉದ್ದಕ್ಕೆ ಎಳೆದರೆ ಮೇಲಿನ ಬೂದಿ ಕೆಳಗೆ ಮೆತ್ತಿಕೊಳ್ಳುತ್ತದೆ. ಕೊಳವೆಯ ಗೋಡೆಗೆ ತಾಗಿದ ಅಂಚನ್ನು ಬಿಟ್ಟು ನಡುವಿನಿಂದ ಮಾದರಿ ತೆಗೆಯಬೇಕು, ಏಕೆಂದರೆ ಕೋರು ಇಳಿಯುವಾಗ ಅಂಚಿನ ಹೂಳು ಗೋಡೆಯುದ್ದಕ್ಕೂ ಎಳೆದಾಡಿರುತ್ತದೆ. ಮೊದಲ ಸುತ್ತಿನಲ್ಲಿ 5 ಸೆಂ.ಮೀ.ಗೊಂದು ಮಾದರಿ, ನಡುವೆ ಬಿಡುವಿಲ್ಲದೆ. ಚೂರುಗಳ ಎಣಿಕೆ ಏರಿದ ಕಡೆ ಮಾತ್ರ ಮತ್ತೆ 1 ಸೆಂ.ಮೀ.ಗೊಂದು.

ಪ್ರತಿ ಮಾದರಿಯಿಂದ ಶೈತ್ಯದಲ್ಲಿ ಒಣಗಿಸಿದ 0.5 ಗ್ರಾಂ ಹೂಳು ತೂಗಿ, ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ಬಿಟ್ಟರೆ ಸುಣ್ಣದ ಚಿಪ್ಪುಗಳು ಕರಗುತ್ತವೆ. ಹೈಡ್ರೋಫ್ಲೋರಿಕ್ ಆಮ್ಲ ಹತ್ತಿರ ಬರಕೂಡದು. ಬಿಸಿ ಕ್ಷಾರ ಡಯಾಟಮ್‌ಗಳನ್ನು (ಸಿಲಿಕಾ ಚಿಪ್ಪಿನ ಸೂಕ್ಷ್ಮ ಪಾಚಿಗಳನ್ನು) ತೆಗೆದುಹಾಕುತ್ತದೆಂಬ ಆಸೆಯಿಂದ ಅದನ್ನು ಬಳಸಬೇಡಿ. ಅದು ಗಾಜನ್ನೂ ತಿನ್ನುತ್ತದೆ, ಅದರ ರಸಾಯನವನ್ನೂ ಬದಲಿಸುತ್ತದೆ. ಆಮೇಲೆ ಜರಡಿ: 125, 80, 25 ಮೈಕ್ರಾನ್. ಕೆಳಗಿನದು ನೈಲಾನ್ ಬಟ್ಟೆಯದಿರಲಿ, ಒಂದು ಮಾದರಿಗೆ ಒಂದೇ ಸಲ ಬಳಸಿ ಬಿಸಾಡಿ. ಹಿಂದಿನ ಮಾದರಿಯ ನಾಲ್ಕು ಚೂರು ಜರಡಿಯಲ್ಲಿ ಉಳಿದರೆ ಎಂದೂ ಆಗದ ಸ್ಫೋಟವೊಂದನ್ನು ನಾವೇ ಹುಟ್ಟಿಸಿದಂತೆ.

25ರಿಂದ 80 ಮೈಕ್ರಾನಿನ ಪಾಲನ್ನು ಸೋಡಿಯಂ ಪಾಲಿಟಂಗ್‌ಸ್ಟೇಟ್ ದ್ರಾವಣದಲ್ಲಿ ತೇಲಿಸಿ ಬೇರ್ಪಡಿಸುತ್ತೇವೆ. ಮೊದಲು 2.3 ಸಾಂದ್ರತೆಯಲ್ಲಿ: ಡಯಾಟಮ್, ಸ್ಪಂಜಿನ ಮುಳ್ಳುಗಳಂಥ ಹಗುರ ಸಿಲಿಕಾ ತೇಲುತ್ತದೆ, ಅದನ್ನು ತೆಗೆಯಿರಿ. ಮುಳುಗಿದ್ದನ್ನು 2.5ರ ದ್ರಾವಣಕ್ಕೆ ಹಾಕಿ: ರಯೋಲೈಟ್ ಗಾಜು ತೇಲುತ್ತದೆ, ಕ್ವಾರ್ಟ್ಸ್ ಮುಳುಗುತ್ತದೆ. ಬಸಾಲ್ಟ್ ಗಾಜು ಭಾರ, ಅದು ಕ್ವಾರ್ಟ್ಸ್ ಜೊತೆಗೇ ಕೆಳಗಿರುತ್ತದೆ. ಅದನ್ನು ಕಾಂತೀಯ ವಿಭಜಕದಿಂದ ಬೇರೆಮಾಡಬೇಕು. ಇಲ್ಲಿ ಕೆಡುವುದು ಎರಡು ಕಡೆ. ಆಮ್ಲದ ಹಂತದ ಕ್ಯಾಲ್ಸಿಯಂ ಉಳಿದಿದ್ದರೆ ಪಾಲಿಟಂಗ್‌ಸ್ಟೇಟ್ ಜೊತೆ ಸೇರಿ ಬಿಳಿ ಗಸಿ ಕಟ್ಟುತ್ತದೆ, ಹಾಗಾಗಿ ಬಟ್ಟಿ ಇಳಿಸಿದ ನೀರಿನಲ್ಲೇ ಮೂರು ನಾಲ್ಕು ಸಲ ತೊಳೆಯಬೇಕು, ನಲ್ಲಿ ನೀರಿನಲ್ಲಲ್ಲ. ಎರಡನೆಯದು, ದ್ರಾವಣ ತೆರೆದಿದ್ದಷ್ಟೂ ನೀರು ಆವಿಯಾಗಿ ಸಾಂದ್ರತೆ ಏರುತ್ತದೆ. ಬೆಳಿಗ್ಗೆ 2.30 ಇದ್ದದ್ದು ಸಂಜೆ 2.30 ಎಂದುಕೊಂಡರೆ ನಿಮಗೆ ಬೇಕಾದ ಗಾಜು ಮೊದಲ ಸುತ್ತಿನಲ್ಲೇ ತೇಲಿ ಚೆಲ್ಲಿಹೋಗುತ್ತದೆ. ಪ್ರತಿ ಸರದಿಗೂ ಮುಂಚೆ 10 ಮಿಲಿಲೀಟರ್ ತೂಗಿ ನೋಡಿ.

ಚೂರುಗಳ ಸಂಖ್ಯೆ ಬಹಳ ಇದ್ದರೆ ಎಲ್ಲವನ್ನೂ ಎಣಿಸಬೇಕಿಲ್ಲ, ಎಷ್ಟಿವೆಯೆಂದು ಮೊದಲೇ ಗೊತ್ತಿರುವ ಲೈಕೋಪೋಡಿಯಂ ಎಂಬ ಸಸ್ಯದ ಬೀಜಾಣುಗಳ ಗುಳಿಗೆ ಸೇರಿಸಿ ಅನುಪಾತ ಹಿಡಿಯಬಹುದು. ಗುಳಿಗೆಯಲ್ಲಿ 18,000 ಬೀಜಾಣುಗಳಿದ್ದು, ನೀವು 300 ಬೀಜಾಣುಗಳನ್ನೂ 120 ಚೂರುಗಳನ್ನೂ ಎಣಿಸಿದ್ದರೆ, 0.5 ಗ್ರಾಂ ಹೂಳಿನ ಲೆಕ್ಕದಲ್ಲಿ ಗ್ರಾಮಿಗೆ 14,400 ಚೂರು. ಗುಳಿಗೆಯನ್ನು ಹಾಕಬೇಕಾದದ್ದು ತೇಲಿಸಿ ಬೇರ್ಪಡಿಸಿದ ನಂತರ. ಮೊದಲೇ ಹಾಕಿದರೆ ಹಗುರವಾದ ಬೀಜಾಣುಗಳು ಡಯಾಟಮ್ ಜೊತೆ ಹೊರಟುಹೋಗುತ್ತವೆ, ಲೆಕ್ಕ ಹುಚ್ಚಾಪಟ್ಟೆ ಏರುತ್ತದೆ.

ಈಗ ಸ್ಲೈಡು ಧ್ರುವೀಕೃತ ಬೆಳಕಿನ ಮೈಕ್ರೋಸ್ಕೋಪಿನಡಿ. ಗುಳ್ಳೆ ಒಡೆದ ಗೋಡೆಯ ತುಂಡುಗಳು ಬಾಗಿದ ಹಂಚಿನ ಹಾಗಿರುತ್ತವೆ. ಮೂರು ಗುಳ್ಳೆ ಕೂಡಿದ ಜಾಗದ ತುಂಡು ಕವೆಗೋಲಿನ ಹಾಗೆ. ಕೆಲವು ತುಂಡಿನೊಳಗೆ ಎಳೆದ ನಾರಿನಂತೆ ಉದ್ದನೆಯ ಗುಳ್ಳೆಗಳು. ಅಂಚು ಚೂಪು, ಒಳಗೆ ಸ್ವಚ್ಛ. ಧ್ರುವಕಗಳನ್ನು ಅಡ್ಡಹಾಕಿ ಪೀಠ ತಿರುಗಿಸಿದರೆ ಗಾಜು ಪೂರ್ತಿ ಕಪ್ಪಾಗಿಯೇ ಉಳಿಯುತ್ತದೆ. ಕ್ವಾರ್ಟ್ಸ್ ಬೆಳಗುತ್ತ ಆರುತ್ತ ಇರುತ್ತದೆ. ಮೋಸ ಮಾಡುವುದು ಜೈವಿಕ ಸಿಲಿಕಾ, ಅದೂ ಕಪ್ಪೇ. ಸ್ಪಂಜಿನ ಮುಳ್ಳಿನ ಮುರಿದ ತುಂಡು ಚೂರಿನಂತೆಯೇ ಕಾಣುತ್ತದೆ, ಆದರೆ ನಡುವೆ ಸಣ್ಣ ಕಾಲುವೆ ಇರುತ್ತದೆ. ಡಯಾಟಮ್ ಆದರೆ ರಂಧ್ರಗಳ ಸಾಲು ಅಚ್ಚುಕಟ್ಟು. ಇನ್ನೂ ಸಂಶಯವಿದ್ದರೆ ವಕ್ರೀಭವನ ಸೂಚ್ಯಂಕ ಇದೆ: ರಯೋಲೈಟ್ ಗಾಜು ಸುಮಾರು 1.50, ಜೈವಿಕ ಸಿಲಿಕಾ ಇನ್ನೂ ಕಡಿಮೆ. 1.54ರ ಕೆನಡಾ ಬಾಲ್ಸಮ್‌ನಲ್ಲಿ ಕೂರಿಸಿ ಫೋಕಸ್ ಮೇಲೆತ್ತಿದಾಗ ಅಂಚಿನ ಬೆಳಕಿನ ಗೆರೆ ರಯೋಲೈಟ್ ಗಾಜಿನಲ್ಲಿ ಹೊರಕ್ಕೆ, ಬಸಾಲ್ಟ್ ಗಾಜಿನಲ್ಲಿ ಒಳಕ್ಕೆ ಸರಿಯುತ್ತದೆ.

ಚೂರು ಸಿಕ್ಕಿತೆಂದರೆ ಯಾವ ಜ್ವಾಲಾಮುಖಿಯದು ಎಂದು ಗೊತ್ತಾದಂತಲ್ಲ. ಅದಕ್ಕೆ ಎಲೆಕ್ಟ್ರಾನ್ ಕಿರಣ ಹಾಯಿಸಿ ಗಾಜಿನ ಧಾತುಗಳನ್ನು ಅಳೆಯುವ ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಬೇಕು. ಚೂರುಗಳನ್ನು ಎಪಾಕ್ಸಿಯಲ್ಲಿ ಹುಗಿದು, ಸೀಳುಮುಖ ಬರುವವರೆಗೆ ಉಜ್ಜಿ, ವಜ್ರದ ಪೇಸ್ಟಿನಿಂದ ನಯಮಾಡಿ, 20ರಿಂದ 30 ಚೂರುಗಳನ್ನು ಒಂದೊಂದಾಗಿ ಅಳೆಯಬೇಕು. ಎಲೆಕ್ಟ್ರಾನ್ ಕಿರಣ ಬಿದ್ದೊಡನೆ ಸೋಡಿಯಂ ಓಡಿಹೋಗುತ್ತದೆ; ಆದ್ದರಿಂದ ಸೋಡಿಯಂ ಮೊದಲ ಸರದಿಯಲ್ಲೇ ಇರಬೇಕು, ಕಿರಣವನ್ನು 5ರಿಂದ 10 ಮೈಕ್ರಾನಿಗೆ ಹರಡಬೇಕು, ಪ್ರವಾಹವನ್ನು ತಗ್ಗಿಸಬೇಕು. ಒಟ್ಟು ಮೊತ್ತ ಶೇ. 95ಕ್ಕಿಂತ ಕಡಿಮೆ ಬಂದರೆ ಗಾಜು ನೀರು ಹೀರಿರಬಹುದು, ಕಿರಣ ಎಪಾಕ್ಸಿಗೂ ತಾಗಿರಬಹುದು. ಕಣ್ಣಿನಿಂದ ನೋಡಿ ನಿರ್ಧರಿಸಬೇಕು. ಲಿಪಾರಿ ಅಬ್ಸಿಡಿಯನ್‌ನಂಥ ಗೊತ್ತಿರುವ ಗಾಜನ್ನು ಅದೇ ದಿನ ಅಳೆದು, ಆ ಅಂಕಿಗಳನ್ನೂ ಹೊಂದಿಸದ ಮೂಲ ಅಂಕಿಗಳನ್ನೂ ಪ್ರಕಟಿಸದೇ ಇದ್ದರೆ ಆ ಪಟ್ಟಿ ಇನ್ನೊಬ್ಬರ ಉಪಯೋಗಕ್ಕೆ ಬರುವುದಿಲ್ಲ.

ಒಂದೇ ಜ್ವಾಲಾಮುಖಿ ಮತ್ತೆ ಮತ್ತೆ ಒಂದೇ ಬಗೆಯ ಗಾಜು ಉಗುಳುವುದು ಈ ಕೆಲಸದ ನಿಜವಾದ ತಲೆನೋವು. ಕಾಟ್ಲಾದಿಂದ ವೆಡ್ಡೆಯನ್ನೇ ಹೋಲುವ ಬೇರೆ ಬೂದಿಗಳೂ ಬಂದಿವೆ. ಟೋಬಾದ ಹಳೆಯ ಸ್ಫೋಟಗಳು ಮುಖ್ಯ ಧಾತುಗಳಲ್ಲಿ 74,000 ವರ್ಷದ್ದನ್ನು ಹೋಲುತ್ತವೆ. ಆಗ ಲೇಸರಿನಿಂದ ಜಿರ್ಕೋನಿಯಂ, ಬೇರಿಯಂ, ಥೋರಿಯಂಗಳಂಥ ಅಲ್ಪ ಧಾತುಗಳನ್ನು ಅಳೆಯಬೇಕು. ಅಷ್ಟಾದರೂ ರಸಾಯನ ಒಂದೇ ಸಾಲದು. ಕೋರಿನಲ್ಲಿ ಬೂದಿ ಇರುವ ಜಾಗ, ಹವಾಮಾನದ ಯಾವ ಘಟ್ಟ ಎಂಬುದೂ ಜೊತೆಗೂಡಬೇಕು.

ಈಗ ತಳದ ವಿಷಯ. ಕಡಲತಳದ ಮೇಲಿನ ಸುಮಾರು 10 ಸೆಂ.ಮೀ. ಹೂಳನ್ನು ಹುಳುಗಳು ಸದಾ ಕಲಕುತ್ತಿರುತ್ತವೆ. ಹೂಳು ಸಾವಿರ ವರ್ಷಕ್ಕೆ 2 ಸೆಂ.ಮೀ. ಸೇರುವ ಆಳದ ಸಾಗರದಲ್ಲಿ ಈ 10 ಸೆಂ.ಮೀ. ಎಂದರೆ 5,000 ವರ್ಷ. 20 ಸೆಂ.ಮೀ. ಸೇರುವ ಕಡೆ 500 ವರ್ಷ. ಎರಡನೆಯಲ್ಲಿ ಯಂಗರ್ ಡ್ರಯಾಸ್ ಬಗ್ಗೆ ಮಾತಾಡಬಹುದು, ಮೊದಲನೆಯಲ್ಲಿ ಸುಮ್ಮನಿರುವುದೇ ಮೇಲು. ಕಲಕಿದ ಬೂದಿಯ ಎಣಿಕೆ ಕೆಳಗಿನಿಂದ ಥಟ್ಟನೆ ಏರಿ, ಮೇಲಕ್ಕೆ ಉದ್ದನೆಯ ಬಾಲ ಬಿಡುತ್ತದೆ. ಸ್ಫೋಟದ ಕ್ಷಣ ಎಲ್ಲಿ? ಏರಿಕೆ ಒಂದೆರಡು ಸೆಂ.ಮೀ.ನಲ್ಲೇ ಮುಗಿದಿದ್ದರೆ ಶಿಖರವನ್ನೇ ಹಿಡಿಯಬಹುದು. ಶಿಖರವೇ ಹರಡಿಕೊಂಡಿದ್ದರೆ ಒಂದು ಅಂಕಿ ಹಿಡಿಯದೆ, ಏರಿಕೆಯ ಬುಡದಿಂದ ಶಿಖರದವರೆಗಿನ ಅಂತರವನ್ನೆಲ್ಲ ಆಳದ ಅನಿಶ್ಚಿತತೆ ಎಂದು ಒಪ್ಪಿಕೊಳ್ಳಬೇಕು.

ಉತ್ತರ ಅಟ್ಲಾಂಟಿಕ್‌ನಲ್ಲಿ ಇನ್ನೊಂದು ತೊಡಕು, ಹಿಮಬಂಡೆಗಳು. ಐಸ್‌ಲ್ಯಾಂಡಿನ ಹಿಮದ ಮೇಲೆ ಬಿದ್ದ ಬೂದಿ ನೂರಾರು ವರ್ಷಗಳ ನಂತರ ತೇಲುವ ಬಂಡೆಯೊಂದಿಗೆ ಬಂದು ಕರಗಿ ಬೀಳಬಹುದು. ಇದನ್ನು ಹಿಡಿಯಲು ಬೂದಿಯ ಪಕ್ಕದಲ್ಲೇ ಹಿಮ ತಂದ ಮರಳುಕಣಗಳನ್ನೂ ಎಣಿಸಬೇಕು. ಎರಡೂ ಒಟ್ಟಿಗೆ ಏರಿದ್ದು, ದೊಡ್ಡ ಚೂರು ಸಣ್ಣ ಚೂರು ಎಲ್ಲ ಬೆರೆತಿದ್ದು, ರಸಾಯನದಲ್ಲಿ ನಾಲ್ಕಾರು ಗುಂಪು ಕಂಡರೆ ಅದು ಗಾಳಿಯಲ್ಲಿ ಬಂದ ಬೂದಿಯಲ್ಲವೆಂದು ಕೈಬಿಡಬೇಕು. ತಿಂಗಳುಗಟ್ಟಲೆ ದುಡಿದ ಪದರವನ್ನು ಹೀಗೆ ಬಿಡಲು ಮನಸ್ಸು ಬರುವುದಿಲ್ಲ, ಆದರೂ ಬಿಡಲೇಬೇಕು.

ಇಷ್ಟೆಲ್ಲ ದಾಟಿ ಬಂದ ಬೂದಿ ರೇಡಿಯೋಕಾರ್ಬನ್ನಿನ ತಪ್ಪನ್ನೂ ಅಳೆದುಕೊಡುತ್ತದೆ. ಸಾಗರದ ನೀರಿನ ಇಂಗಾಲ ವಾತಾವರಣದ್ದಕ್ಕಿಂತ ಹಳೆಯದು, ಹಾಗಾಗಿ ಚಿಪ್ಪುಗಳು ತಮ್ಮ ನಿಜ ವಯಸ್ಸಿಗಿಂತ ಮುದಿಯಾಗಿ ಕಾಣುತ್ತವೆ. ರಿಸರ್ವಾಯರ್ ವ್ಯತ್ಯಾಸ ಎನ್ನುವ ಇದು ಇಂದಿನ ಉತ್ತರ ಅಟ್ಲಾಂಟಿಕ್‌ನಲ್ಲಿ ಸುಮಾರು 400 ವರ್ಷ. ವೆಡ್ಡೆ ಬೂದಿಯ ಮಟ್ಟದಲ್ಲಿ ನೆಲದ ಸಸ್ಯಗಳು ಕೊಡುವ ರೇಡಿಯೋಕಾರ್ಬನ್ ವಯಸ್ಸು ಸುಮಾರು 10,300 (ಇದು ತಿದ್ದದ ರೇಡಿಯೋಕಾರ್ಬನ್ ವರ್ಷ, ಹಿಮದ ಪದರ ಎಣಿಸಿದ ಕ್ಯಾಲೆಂಡರ್ ವರ್ಷಕ್ಕೆ ಸಮವಲ್ಲ). ಅದೇ ಬೂದಿಯ ಜೊತೆಗಿರುವ ಸಾಗರದ ಫೊರಾಮಿನಿಫೆರಾ ಕೊಡುವುದು 700ರಿಂದ 800 ವರ್ಷ ಹೆಚ್ಚು. ಅಂದರೆ ಆ ಶೀತ ಕಾಲದಲ್ಲಿ ವ್ಯತ್ಯಾಸ ಇಂದಿನ ಹೆಚ್ಚುಕಡಿಮೆ ಇಮ್ಮಡಿ. ಎಲ್ಲ ಕಾಲಕ್ಕೂ 400 ಕಳೆದು ಮಾಡಿದ ಕಾಲಗಣನೆಯಲ್ಲಿ ಸಾಗರದ ಬದಲಾವಣೆಗಳು ಮೂರು ನಾಲ್ಕು ಶತಮಾನ ಹಿಂದಕ್ಕೆ ಸರಿದು, ಹಿಮಕ್ಕಿಂತ ಮುಂಚೆ ನಡೆದಂತೆ ತೋರುತ್ತವೆ. ವಯಸ್ಸು ಮತ್ತು ಆಳದ ಮಾದರಿ ಕಟ್ಟುವಾಗ ಬೂದಿಯ ಮಟ್ಟಕ್ಕೆ ಹಿಮದ ಕೋರಿನ ವಯಸ್ಸನ್ನು ಅದರ ಆಚೀಚೆಯೊಂದಿಗೆ ಕೊಟ್ಟು, ಚಿಪ್ಪುಗಳ ರಿಸರ್ವಾಯರ್ ವ್ಯತ್ಯಾಸವನ್ನು ಪದರದಿಂದ ಪದರಕ್ಕೆ ಬದಲಾಗಲು ಬಿಡಬೇಕು. ಎರಡು ಬೂದಿಗಳ ನಡುವಿನ ಹೂಳಿನಲ್ಲಿ ಆ ವ್ಯತ್ಯಾಸ ಯಾವ ಕಡೆ ವಾಲುತ್ತದೆಂದು ನೋಡಿದರೆ, ಸಾಗರದ ನೀರು ಆಗ ಹೇಗೆ ಮಗುಚಿಕೊಳ್ಳುತ್ತಿತ್ತು ಎಂಬ ಸುಳಿವೂ ಅದೇ ಲೆಕ್ಕದಲ್ಲಿ ಸಿಗುತ್ತದೆ.